ಸ್ಪ್ರಿಂಗ್ ಬೂಟ್ 2ರಿಂದ 3ಕ್ಕೆ: ಕೂಗಿ ಒಡೆದದ್ದು, ಸದ್ದಿಲ್ಲದೆ ಒಡೆದದ್ದು

ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಸ್ಪ್ರಿಂಗ್ ಬೂಟ್ 3 ಅನ್ನುವ ಫ್ರೇಮ್‌ವರ್ಕನ್ನಷ್ಟೇ ನೋಡಿದರೆ ನಾಲ್ಕೂವರೆ ಕೊಡಲು ನನ್ನ ತಕರಾರಿಲ್ಲ. ಆದರೆ 2.7ರಲ್ಲಿ ಓಡುತ್ತಿರುವ, ಜನ ದಿನಾ ಬಳಸುತ್ತಿರುವ ಹಳೇ ಅಪ್ಲಿಕೇಶನ್ ಒಂದನ್ನು ಅಲ್ಲಿಗೆ ತಲುಪಿಸುವ ಕೆಲಸವಿದೆಯಲ್ಲ, ಅದಕ್ಕೆ ಎರಡೂವರೆ ಕೊಟ್ಟರೇ ಹೆಚ್ಚು. ಹೊಸದಾಗಿ ಪ್ರಾಜೆಕ್ಟ್ ಶುರುಮಾಡುವವರು ಇದನ್ನು ಓದುವ ಅಗತ್ಯವಿಲ್ಲ, ಕಣ್ಣು ಮುಚ್ಚಿ ತಗೊಳ್ಳಿ. ಇದು ಹಳೇ ಕೋಡ್ ಹೊತ್ತು ಏಗುತ್ತಿರುವವರಿಗೆ.

ನಮ್ಮದು ಶಿವಮೊಗ್ಗದ ಸಣ್ಣ ಕಂಪನಿ. ಪತ್ತಿನ ಸಹಕಾರ ಸಂಘಗಳಿಗೆ, ಜನ ಸೊಸೈಟಿ ಅನ್ನುತ್ತಾರಲ್ಲ ಅವಕ್ಕೆ, ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಷೇರು, ಠೇವಣಿ, ಚಿನ್ನದ ಸಾಲ, ಪಿಗ್ಮಿ, ಪಾಸ್‌ಬುಕ್ ಪ್ರಿಂಟು, ವರ್ಷದ ಕೊನೆಗೆ ಡಿವಿಡೆಂಡು, ಇವಿಷ್ಟು. ಜಾವಾ 8, ಪೋಸ್ಟ್‌ಗ್ರೆಸ್, ಮುಂದುಗಡೆ ಜೆಎಸ್‌ಪಿ ಪುಟಗಳು, ಅಂದರೆ ಸರ್ವರಿನಲ್ಲೇ ತಯಾರಾಗುವ ಹಳೇ ಬಗೆಯ ಜಾವಾ ವೆಬ್ ಪುಟಗಳು. ಜೆಎಸ್‌ಪಿ ಅಂದ ಕೂಡಲೇ ಬೆಂಗಳೂರಿನ ಗೆಳೆಯರಿಗೆ ನಗು ಬರುತ್ತದೆ. ಬರಲಿ. ಸಾಗರದ ಕಡೆಯ ಸೊಸೈಟಿಯ ಸೆಕ್ರೆಟರಿಗೆ ಎಫ್2 ಒತ್ತಿದರೆ ಖಾತೆ ಹುಡುಕುವ ಪರದೆ ಬರಬೇಕು, ಅದು ರಿಯಾಕ್ಟೋ ಜೆಎಸ್‌ಪಿಯೋ ಅನ್ನುವುದು ಅವರ ತಲೆನೋವಲ್ಲ.

ಹೀಗಿರುವಾಗ ಬದಲಾಯಿಸುವ ಉಸಾಬರಿ ಯಾಕೆ? 3.0 ಹೊರಬಂದದ್ದು 2022ರ ನವೆಂಬರ್ 24ಕ್ಕೆ. 2.7ಕ್ಕೆ ಉಚಿತ ಬೆಂಬಲ ಮುಗಿದದ್ದು 2023ರ ನವೆಂಬರಿನಲ್ಲಿ. ಅಂದರೆ ದಾಟಿಕೊಳ್ಳಲು ಕೊಟ್ಟ ಗಡುವು ಹೆಚ್ಚುಕಡಿಮೆ ಒಂದು ವರ್ಷ. ಅದರ ಮೇಲೆ ಸೆಕ್ಯೂರಿಟಿ ಆಡಿಟ್ ಮಾಡುವವರು ಬಂದು, ಬೆಂಬಲವಿಲ್ಲದ ಲೈಬ್ರರಿಗಳ ಪಟ್ಟಿ ಮಾಡಿ, ಪ್ರತಿ ಸಾಲಿಗೂ ಕೆಂಪು ಬಣ್ಣ ಬಳಿದು ಹೋದರು. ದುಡ್ಡು ಕೊಟ್ಟರೆ 2.7ಕ್ಕೂ ಮುಂದುವರಿದ ಬೆಂಬಲ ಸಿಗುತ್ತದೆ, ಆದರೆ ನಮ್ಮ ಗಿರಾಕಿಗಳು ವಾರ್ಷಿಕ ನಿರ್ವಹಣಾ ಶುಲ್ಕಕ್ಕೇ ಮಹಾಸಭೆಯ ಮಂಜೂರಾತಿ ಆಗಲಿ ಮೇಡಂ ಅನ್ನುವವರು.

ಈ ಅಪ್‌ಗ್ರೇಡಿನಲ್ಲಿ ಒಡೆಯುವ ಸಂಗತಿಗಳಲ್ಲಿ ಎರಡು ಜಾತಿ. ಒಂದು, ಕಂಪೈಲ್ ಮಾಡುವಾಗಲೇ ಕೆಂಪಗೆ ಕೂಗುವುದು. ಇನ್ನೊಂದು, ಕಂಪೈಲ್ ಆಗಿ, ಟೆಸ್ಟ್ ಪಾಸಾಗಿ, ಸರ್ವರ್ ಎದ್ದು, ಸಂಜೆ ಐದೂವರೆಗೆ ಸೊಸೈಟಿಯಿಂದ ಫೋನು ಬರುವಂಥದ್ದು. ಮೊದಲನೆಯದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಉಪಕರಣಗಳೂ ಇವೆ. ನಾನು ಅಂಕ ಕತ್ತರಿಸಿದ್ದು ಎರಡನೆಯದಕ್ಕೆ.

ಮೊದಲನೆಯ ಜಾತಿಯಲ್ಲಿ ದೊಡ್ಡದು ಕೋಡಿನ ಪ್ಯಾಕೇಜ್ ಹೆಸರುಗಳ ಶುರುವಿನಲ್ಲಿ ಜಾವಾಎಕ್ಸ್ ಹೋಗಿ ಜಕಾರ್ತಾ ಬಂದದ್ದು. ಇದರಲ್ಲಿ ಸ್ಪ್ರಿಂಗ್‌ನವರ ತಪ್ಪೇನಿಲ್ಲ. ಒರಾಕಲ್ 2017ರಲ್ಲಿ ಜಾವಾ ಇಇಯನ್ನು (ಜಾವಾದ ಸರ್ವರ್ ಕಡೆಯ ಮಾನದಂಡಗಳ ಗುಂಪು) ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಲು ಹೊರಟಿತು, ಆದರೆ ಜಾವಾ ಅನ್ನುವ ಟ್ರೇಡ್‌ಮಾರ್ಕ್ ತನ್ನಲ್ಲೇ ಇಟ್ಟುಕೊಂಡಿತು. ಜಾವಾಎಕ್ಸ್ ಅನ್ನುವ ಪ್ಯಾಕೇಜ್ ಹೆಸರಿನಡಿ ಮುಂದೆ ಬದಲಾವಣೆ ಮಾಡಬಹುದೇ ಅನ್ನುವ ಮಾತುಕತೆ 2019ರ ಮೇ ಹೊತ್ತಿಗೆ ಮುರಿದುಬಿತ್ತು. 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ ಸರ್ವ್‌ಲೆಟ್, ಪರ್ಸಿಸ್ಟೆನ್ಸ್, ವ್ಯಾಲಿಡೇಶನ್, ಮೇಲ್ ಎಲ್ಲವೂ ಹೊಸ ಹೆಸರಿಗೆ ಹೋದವು. ಬೂಟ್ 3 ಆ ಹೊಸ ಹೆಸರನ್ನೇ ಹಿಡಿದಿದೆ, ಜೊತೆಗೆ ಕನಿಷ್ಠ ಜಾವಾ 17 ಕೇಳುತ್ತದೆ. ವಕೀಲರು ಒಪ್ಪದ ಒಂದು ವಿಷಯಕ್ಕೆ ಜಗತ್ತಿನ ಜಾವಾ ಪ್ರೋಗ್ರಾಮರುಗಳೆಲ್ಲ ಇಂಪೋರ್ಟ್ ಸಾಲು ತಿದ್ದುತ್ತ ಕೂತರು!

ತಿದ್ದುವುದೇನು ಮಹಾ, ಹುಡುಕಿ ಬದಲಿಸಿದರಾಯಿತು ಅನ್ನಿಸಬಹುದು. ಹಾಗೆ ಮಾಡಲೇಬೇಡಿ. ಬೀದಿಯಲ್ಲಿ ಅರ್ಧ ಮನೆಗಳಿಗಷ್ಟೇ ಹೊಸ ನಂಬರ್ ಬರೆದು ಮುನಿಸಿಪಾಲಿಟಿಯವರು ಹೋದ ಹಾಗಿದೆ ಇದು. ಜಾವಾದ ಒಳಗೇ ಬರುವ ಡೇಟಾಸೋರ್ಸಿನ ಜಾವಾಎಕ್ಸ್ ಎಸ್‌ಕ್ಯೂಎಲ್, ಪಾಸ್‌ವರ್ಡ್ ಗೂಢಲಿಪಿಗೆ ಬೇಕಾದ ಕ್ರಿಪ್ಟೋ, ಎಲ್‌ಡ್ಯಾಪ್‌ಗೆ ಬೇಕಾದ ನೇಮಿಂಗ್, ಇವೆಲ್ಲ ಹಳೇ ಹೆಸರಿನಲ್ಲೇ ಉಳಿದಿವೆ. ಎಕ್ಸ್‌ಎಂಎಲ್ ಒಳಗಂತೂ ಇಬ್ಭಾಗ: ಬೈಂಡ್ ಹೋಯಿತು, ಪಾರ್ಸರ್ಸ್ ಉಳಿಯಿತು. ಟ್ರಾನ್ಸಾಕ್ಷನ್ ಹೋಯಿತು, ಅದರೊಳಗಿನ ಎಕ್ಸ್‌ಎ ಉಳಿಯಿತು. ನಮ್ಮಲ್ಲಿ ಪಾಸ್‌ಬುಕ್ ಪ್ರಿಂಟರಿಗೆ ಸಾಲು ಕಳಿಸುವ ಪುಟ್ಟ ಜಾವಾ ಪ್ರೋಗ್ರಾಂ ಒಂದಿದೆ, ಅದು ಬಳಸುವ ಜಾವಾಎಕ್ಸ್ ಪ್ರಿಂಟ್ ಕೂಡ ಇದ್ದಲ್ಲೇ ಇದೆ.

ಇಲ್ಲಿ ಓಪನ್‌ರೀರೈಟ್ ಅನ್ನುವ ಉಪಕರಣಕ್ಕೆ ಕೈಮುಗಿಯಬೇಕು. ಜಾವಾ ಪ್ರಾಜೆಕ್ಟ್ ಕಟ್ಟುವ ಮೇವನ್‌ಗೆ ಅದರ ಪ್ಲಗಿನ್ ಹಾಕಿ, ಬೂಟ್ 3ರ ರೆಸಿಪಿ (ತಿದ್ದುವ ನಿಯಮಗಳ ಕಟ್ಟು) ಹೆಸರಿಸಿ ಓಡಿಸಿದರೆ ಕೋಡನ್ನು ಅದೇ ತಿದ್ದುತ್ತದೆ. ಅದು ಬರೀ ಅಕ್ಷರ ಹುಡುಕುವುದಿಲ್ಲ, ಯಾವ ಕ್ಲಾಸು ಯಾವ ಟೈಪಿನದು ಅಂತ ತಿಳಿದುಕೊಂಡು ತಿದ್ದುತ್ತದೆ. ಹಾಗಾಗಿ ಮೇಲೆ ಹೇಳಿದ ಅರ್ಧಂಬರ್ಧ ಬೀದಿಯಲ್ಲಿ ದಾರಿ ತಪ್ಪುವುದಿಲ್ಲ. ನಿಮ್ಮ ಸ್ಪೇಸು, ಕಾಮೆಂಟು, ಸಾಲು ಮುರಿದ ರೀತಿ ಯಾವುದನ್ನೂ ಕದಲಿಸುವುದಿಲ್ಲ. ಮೊದಲು ಡ್ರೈ ರನ್ ಕೊಟ್ಟರೆ ಏನೇನು ಬದಲಿಸುತ್ತೇನೆ ಅಂತ ಒಂದು ಪ್ಯಾಚ್ ಫೈಲ್ ಬರೆದಿಡುತ್ತದೆ. ಅದನ್ನು ಪೂರ್ತಿ ಓದಿ. ನಾವು ಓದಿದೆವು, ಹೆಚ್ಚಿನದೆಲ್ಲ ಸರಿಯಿತ್ತು. ಆದರೆ ಅದು ಮುಟ್ಟದ ಜಾಗಗಳೂ ಇದ್ದವು. ಸ್ಟ್ರಿಂಗ್ ಒಳಗೆ ಬರೆದ ಕ್ಲಾಸ್ ಹೆಸರು, ಜೆಎಸ್‌ಪಿ ಪುಟದ ತಲೆಯಲ್ಲಿರುವ ಇಂಪೋರ್ಟ್ ಸಾಲು, ಇವು ಹಾಗೇ ಉಳಿದವು. ಜೆಎಸ್‌ಪಿ ಕಂಪೈಲ್ ಆಗುವುದು ಯಾರಾದರೂ ಆ ಪುಟ ತೆರೆದಾಗ, ಆದ್ದರಿಂದ ವರ್ಷಕ್ಕೊಮ್ಮೆ ತೆರೆಯುವ ಡಿವಿಡೆಂಡ್ ಪುಟವನ್ನೂ ಒಂದೊಂದಾಗಿ ತೆರೆದು ನೋಡುವುದೇ ಗತಿ. ಉಪಕರಣಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು.

ಲಾಗಿನ್, ಅನುಮತಿ ನೋಡಿಕೊಳ್ಳುವ ಸ್ಪ್ರಿಂಗ್ ಸೆಕ್ಯೂರಿಟಿ 6ರಲ್ಲಿ ನಿಯಮ ಬರೆಯುವ ಹಳೇ ಅಡಾಪ್ಟರ್ ಕ್ಲಾಸನ್ನೇ ಎತ್ತಿಹಾಕಿದ್ದಾರೆ, ಆಂಟ್‌ಮ್ಯಾಚರ್ಸ್ ಹೋಗಿ ರಿಕ್ವೆಸ್ಟ್‌ಮ್ಯಾಚರ್ಸ್ ಬಂದಿದೆ. ಇದು ಕೂಗುವ ಜಾತಿ. 5.7ರಲ್ಲೇ ಅಡಾಪ್ಟರಿಗೆ ಗೀಟು ಎಳೆದು, ಅಂದರೆ ಮುಂದೆ ತೆಗೆಯುತ್ತೇವೆ ಅಂತ ಗುರುತು ಹಾಕಿ, ಎಚ್ಚರಿಸಿದ್ದರು. ಕೂತು ಬರೆದರೆ ಮುಗಿಯುತ್ತದೆ, ಹೊಸ ಶೈಲಿ ಓದಲೂ ಚೆನ್ನಾಗಿದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಬದಲಾವಣೆ ಬರುತ್ತದೆ, ಅದಕ್ಕೆ ಸದ್ದಿಲ್ಲ. ಮೊದಲು ಅನುಮತಿಯ ತಪಾಸಣೆ ನಡೆಯುತ್ತಿದ್ದದ್ದು ಹೊರಗಿನಿಂದ ಬಂದ ವಿನಂತಿಗೆ ಒಂದು ಸಲ. ಈಗ ಒಳಗೇ ಫಾರ್ವರ್ಡ್ ಆದರೂ, ತಪ್ಪು ಸಂಭವಿಸಿ ಎರರ್ ಪುಟಕ್ಕೆ ಹೋದರೂ ಮತ್ತೆ ತಪಾಸಣೆ. ಜೆಎಸ್‌ಪಿ ಇಟ್ಟುಕೊಂಡವರ ಪಾಡು ನೋಡಿ: ಲಾಗಿನ್ ಪುಟಕ್ಕೆ ಎಲ್ಲರಿಗೂ ಅನುಮತಿಯಿದೆ, ಆದರೆ ಅದು ಒಳಗೆ ಲಾಗಿನ್ ಜೆಎಸ್‌ಪಿಗೆ ಫಾರ್ವರ್ಡ್ ಆದಾಗ ಕಾವಲಿನವನು ತಡೆದು, ನೀವು ಲಾಗಿನ್ ಆಗಿಲ್ಲ, ಲಾಗಿನ್ ಪುಟಕ್ಕೆ ಹೋಗಿ ಅನ್ನುತ್ತಾನೆ. ಹೋದರೆ ಮತ್ತದೇ. ಬ್ರೌಸರ್ ಸುತ್ತಿ ಸುತ್ತಿ ಸುಸ್ತಾಗಿ ಕೈಚೆಲ್ಲುತ್ತದೆ. ಫಾರ್ವರ್ಡ್ ಬಗೆಯ ವಿನಂತಿಗೆ ಅನುಮತಿ ಕೊಡುವ ಒಂದು ಸಾಲು ಬರೆದರೆ ಸರಿಹೋಗುತ್ತದೆ, ಮೈಗ್ರೇಶನ್ ಕೈಪಿಡಿಯಲ್ಲೂ ಇದೆ.

ಇದು ಮೇಜಿನ ಮೇಲೇ ಕಂಡದ್ದರಿಂದ ಚಿಂತೆಯಿಲ್ಲ. ಪಿಗ್ಮಿಯದ್ದು ಹಾಗಲ್ಲ.

ಪಿಗ್ಮಿ ಏಜೆಂಟರ ಮೊಬೈಲಿನಲ್ಲಿ ನಮ್ಮದೊಂದು ಆ್ಯಪ್ ಇದೆ. ಹಗಲಿಡೀ ಅಂಗಡಿ ಅಂಗಡಿ ಸುತ್ತಿ ಐವತ್ತು, ನೂರು ಅಂತ ಬರೆದುಕೊಳ್ಳುತ್ತಾರೆ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲೇ ಉಳಿಯುತ್ತದೆ, ಸಂಜೆ ಸೊಸೈಟಿಗೆ ಬಂದಾಗ ಒಟ್ಟಿಗೆ ಸರ್ವರಿಗೆ ಹೋಗುತ್ತದೆ. ಹೊಸ ವರ್ಶನ್ನನ್ನು ಪ್ರಯೋಗಕ್ಕೆಂದು ಒಂದು ಶಾಖೆಗಷ್ಟೇ ಹಾಕಿದ್ದೆವು. ಸಂಜೆ ಸೆಕ್ರೆಟರಿಯ ಫೋನು: "ಮೇಡಂ, ನಮ್ಮ ಏಜೆಂಟ್ರ ಮೊಬೈಲಲ್ಲಿ ಲಾಗಿನ್ ಅವಧಿ ಮುಗಿದಿದೆ ಅಂತ ಬರ್ತಿದೆ. ಅವ್ರು ಮತ್ತೆ ಮತ್ತೆ ಲಾಗಿನ್ ಆಗ್ತಾನೇ ಇದಾರೆ, ಒಳಗೂ ಹೋಗ್ತದೆ, ಕಲೆಕ್ಷನ್ ಕಳ್ಸೋಕೆ ಹೋದ್ರೆ ಮತ್ತೆ ಅದೇ. ಡೇ ಎಂಡ್ ಮಾಡ್ಲಾ ಬೇಡ್ವಾ?"

ಲಾಗಿನ್ ಸಮಸ್ಯೆ ಅಂದಮೇಲೆ ಟೋಕನ್ ನೋಡಿದೆವು, ಸರ್ವರಿನ ಗಡಿಯಾರ ನೋಡಿದೆವು, ಎಲ್ಲ ನೆಟ್ಟಗಿತ್ತು. ನಿಜ ಸಂಗತಿ ಬೇರೆಲ್ಲೋ ಇತ್ತು. ಆ್ಯಪ್ ಕರೆಯುವ ವಿಳಾಸದ ಕೊನೆಯಲ್ಲೊಂದು ಓರೆಗೀಟು (/). ಬೂಟ್ 2ರ ಒಳಗಿರುವ ಸ್ಪ್ರಿಂಗ್ 5ರಲ್ಲಿ ಕೊನೆಯ ಓರೆಗೀಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೂಟ್ 3ರ ಒಳಗಿನ 6ರಲ್ಲಿ ಅವೆರಡೂ ಬೇರೆ ಬೇರೆ ವಿಳಾಸ. ಹಾಗಾಗಿ ಸರ್ವರಿನ ನಿಜವಾದ ಉತ್ತರ 404, ಅಂದರೆ ಅಂಥ ವಿಳಾಸವಿಲ್ಲ. ಆದರೆ ಆ 404 ಎರರ್ ಪುಟಕ್ಕೆ ಹೋಗುವಾಗ, ಮೇಲೆ ಹೇಳಿದ ಎರಡನೇ ತಪಾಸಣೆ ಅಡ್ಡ ಬಂತು. ನಮ್ಮ ಟೋಕನ್ ಓದುವ ಫಿಲ್ಟರ್ ಎರರ್ ಹಾದಿಯಲ್ಲಿ ಓಡುವುದಿಲ್ಲ, ಆದ್ದರಿಂದ ಅಲ್ಲಿಗೆ ಬಂದವನು ಅನಾಮಿಕ. ಅನಾಮಿಕನಿಗೆ ಉತ್ತರ 401, ಅಂದರೆ ಮೊದಲು ಲಾಗಿನ್ ಆಗಿ. ಫೋನು 401 ಕಂಡು ಲಾಗಿನ್ ಅವಧಿ ಮುಗಿಯಿತು ಅಂದಿತು. ಎರಡು ಬದಲಾವಣೆಗಳಲ್ಲಿ ಪ್ರತಿಯೊಂದಕ್ಕೂ ತಕ್ಕ ಕಾರಣವಿದೆ, ಓರೆಗೀಟಿನ ವಿಷಯದಲ್ಲಿ ಅನುಮತಿಯ ನಿಯಮವೂ ಕಂಟ್ರೋಲರೂ ಒಂದೇ ವಿಳಾಸವನ್ನು ಬೇರೆ ಬೇರೆಯಾಗಿ ಓದುವ ಅಪಾಯ ತಪ್ಪಿತು. ಆದರೆ ಎರಡೂ ಕೂಡಿದಾಗ ಹುಟ್ಟಿದ್ದು ಶುದ್ಧ ಸುಳ್ಳು ಸುದ್ದಿ. ಹಣ ಎಲ್ಲೂ ಹೋಗಿರಲಿಲ್ಲ, ಫೋನಿನಲ್ಲೇ ಭದ್ರವಾಗಿತ್ತು.

ಏಜೆಂಟರೆಲ್ಲರ ಫೋನಿನ ಆ್ಯಪ್ ಬದಲಿಸುವುದು ಆಗದ ಮಾತು, ಸರ್ವರಿನಲ್ಲೇ ದಾರಿ ಹುಡುಕಬೇಕು. ಹಳೇ ನಡವಳಿಕೆ ಮರಳಿಸುವ ಒಂದು ಸೆಟ್ಟಿಂಗ್ 6ರಲ್ಲಿ ಇದೆ, ಆದರೆ 6 ಬಂದಾಗಲೇ ಅದಕ್ಕೆ ನಿವೃತ್ತಿಯ ಗೀಟು ಎಳೆದಿದ್ದರು, ಸ್ಪ್ರಿಂಗ್ 7ರಲ್ಲಿ ಅದು ಇಲ್ಲವೇ ಇಲ್ಲ. ಬೂಟ್ 3.4ರ ಜೊತೆ ಬಂದ ಸ್ಪ್ರಿಂಗ್ 6.2ರಲ್ಲಿ ಇದಕ್ಕೆಂದೇ ಒಂದು ಫಿಲ್ಟರ್ ಕೊಟ್ಟಿದ್ದಾರೆ, ಈಗ ಮಾಡುವವರು ನೇರ ಅದನ್ನೇ ಹಾಕಿ. ಅದು 2024ರ ನವೆಂಬರಿಗೆ ಬಂತು. 3.0ರ ದಿನವೇ ಬಂದಿದ್ದರೆ ನನ್ನ ಅಂಕ ಅರ್ಧ ಜಾಸ್ತಿಯಾಗುತ್ತಿತ್ತು.

ಇನ್ನು ಹೈಬರ್ನೇಟ್ 6, ಜಾವಾ ಕ್ಲಾಸುಗಳನ್ನು ಡೇಟಾಬೇಸ್ ಟೇಬಲ್ಲುಗಳಿಗೆ ಜೋಡಿಸುವ ಲೈಬ್ರರಿ. ಇದನ್ನು ಓದದೆ ಮುಂದೆ ಹೋಗಬೇಡಿ. ಐಡಿ ಹುಟ್ಟಿಸುವ ಸೀಕ್ವೆನ್ಸಿಗೆ ಹೆಸರು ಕೊಡದೆ ಬರೆದಿದ್ದರೆ, 5ರ ಕಾಲದಲ್ಲಿ ಎಲ್ಲ ಟೇಬಲ್ಲಿಗೂ ಸೇರಿ ಹೈಬರ್ನೇಟ್ ಸೀಕ್ವೆನ್ಸ್ ಅನ್ನುವ ಒಂದೇ ಎಣಿಕೆ. 6ರಲ್ಲಿ ಪ್ರತಿ ಎಂಟಿಟಿಗೂ ಅದರದೇ ಹೆಸರಿನ ಪ್ರತ್ಯೇಕ ಎಣಿಕೆ. ಸ್ಕೀಮಾವನ್ನು ಕೈಯಾರೆ ನೋಡಿಕೊಳ್ಳುವವರಿಗೆ ಮೊದಲ ಇನ್ಸರ್ಟಿನಲ್ಲೇ ಆ ಸೀಕ್ವೆನ್ಸ್ ಇಲ್ಲ ಅಂತ ಎರರ್ ಬರುತ್ತದೆ, ಬಚಾವ್. ಹೈಬರ್ನೇಟೇ ಟೇಬಲ್ ತಿದ್ದಿಕೊಳ್ಳಲಿ ಅಂತ ಅಪ್‌ಡೇಟ್ ಇಟ್ಟವರಿಗೆ ಅದು ಹೊಸ ಸೀಕ್ವೆನ್ಸನ್ನು ತಾನೇ ಮಾಡಿ, 1ರಿಂದ ಎಣಿಸಲು ಶುರುಮಾಡುತ್ತದೆ. ಆಗ ಡುಪ್ಲಿಕೇಟ್ ಕೀ ಅಂತ ಬೀಳುತ್ತದಲ್ಲ ಅನ್ನುತ್ತೀರಾ? ಕೂಡಲೇ ಬೀಳುವುದೂ ಇಲ್ಲ, ಅದೇ ಬೇಜಾರು. ಹಿಂದೆ ಒಂದೇ ಎಣಿಕೆಯನ್ನು ಎಲ್ಲ ಟೇಬಲ್ಲುಗಳು ಹಂಚಿಕೊಂಡಿದ್ದರಿಂದ ವೋಚರ್ ಟೇಬಲ್ಲಿನಲ್ಲಿ 3 ಇರುತ್ತದೆ, 7 ಇರುತ್ತದೆ, ನಡುವಿನವು ಸದಸ್ಯರ ಟೇಬಲ್ಲಿಗೋ ಸಾಲದ ಟೇಬಲ್ಲಿಗೋ ಹೋಗಿರುತ್ತವೆ. ಹೊಸ ಎಣಿಕೆಯ 1 ಮತ್ತು 2 ಸಲೀಸಾಗಿ ಒಳಗೆ ಹೋಗುತ್ತವೆ, 3ಕ್ಕೆ ಮುಗ್ಗರಿಸುತ್ತದೆ, ಮತ್ತೆ 4 ಒಳಗೆ. ಟೆಸ್ಟ್ ಡೇಟಾಬೇಸಿನಲ್ಲಿ ದಿನವಹಿ ತೆರೆದರೆ ಅವತ್ತು ಬರೆದ ವೋಚರು ಸೊಸೈಟಿ ಶುರುವಾದ ವರ್ಷದ ವೋಚರುಗಳಿಗಿಂತ ಮೇಲೆ ಕೂತಿತ್ತು, ಯಾಕೆಂದರೆ ಆ ವರದಿ ಐಡಿ ಪ್ರಕಾರ ಜೋಡಿಸುತ್ತಿತ್ತು. ಹೆಸರಿಡುವ ನೀತಿಯನ್ನು ಲೆಗಸಿ ಎಂದಿಡುವ ಒಂದು ಸಾಲು ಪ್ರಾಪರ್ಟೀಸ್ ಫೈಲಿಗೆ ಹಾಕಿದರೆ ಹೈಬರ್ನೇಟ್ ಮತ್ತೆ ಹಳೇ ಹೆಸರಿನ ಸೀಕ್ವೆನ್ಸನ್ನೇ ಹುಡುಕುತ್ತದೆ. ಮೊದಲ ದಿನವೇ ಹಾಕಿ. ಹೊಸ ಪದ್ಧತಿಗೆ ಹೋಗುವುದನ್ನು ಆಮೇಲೆ ಪುರುಸೊತ್ತಾಗಿ ನೋಡಿದರಾಯಿತು.

ಜಾವಾದ ಮಾತು ಬಂದಾಗ ಕನ್ನಡದ ಮಟ್ಟಿಗೆ ಒಂದು ವಿಶೇಷ ಹೇಳಬೇಕು, ಬೇರೆ ಯಾವ ಮೈಗ್ರೇಶನ್ ಕೈಪಿಡಿಯಲ್ಲೂ ಸಿಗದು. ಬೂಟ್ 3ಕ್ಕೆ 17 ಸಾಕು, ಆದರೆ ಹೇಗೂ ಕೈಹಾಕಿದ್ದೇವೆ ಅಂತ ನಾವು 21ಕ್ಕೆ ಹೋದೆವು. ಜಾವಾ 18ರಿಂದ ಈಚೆಗೆ, ಎನ್‌ಕೋಡಿಂಗ್ ಹೇಳದೆ ಫೈಲ್ ತೆರೆದರೆ ಯುಟಿಎಫ್-8 ಎಂದೇ ಓದುತ್ತದೆ. ಅದಕ್ಕೂ ಮೊದಲು ವಿಂಡೋಸಿನಲ್ಲಿ ಆ ಯಂತ್ರದ ಹಳೇ ಕೋಡ್‌ಪೇಜ್ ಹಿಡಿಯುತ್ತಿತ್ತು. ಒಳ್ಳೆಯ ಬದಲಾವಣೆ, ಯೂನಿಕೋಡ್ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗುವ ಕಾಟ ಇದರಿಂದ ಎಷ್ಟೋ ಕಮ್ಮಿ. ಆದರೆ ಹಳೇ ಸೊಸೈಟಿಗಳ ಸದಸ್ಯರ ಪಟ್ಟಿ ಯಾವುದರಲ್ಲಿದೆ? ನುಡಿಯಲ್ಲಿ. ಯೂನಿಕೋಡ್ ಅಲ್ಲದ ಹಳೇ ನುಡಿ. ಅಲ್ಲಿ ಕನ್ನಡದ ಪ್ರತಿ ತುಂಡೂ ತೆರೆಮರೆಯಲ್ಲಿ ಒಂದು ರೋಮನ್ ಅಕ್ಷರ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಹೀಗೆ. ಅವು 127ರ ಮೇಲಿನ ಬೈಟುಗಳು, ಯುಟಿಎಫ್-8 ಎಂದು ಓದಿದರೆ ಅರ್ಥವಿಲ್ಲದ ಕಸ. ಎರರ್ ಕೊಟ್ಟು ನಿಲ್ಲುವುದೂ ಇಲ್ಲ, ಗುರುತು ಸಿಗದ ಬೈಟಿನ ಜಾಗಕ್ಕೆ ಒಂದೇ ಒಂದು ಪ್ರಶ್ನೆಚೌಕ ಇಟ್ಟು ಮುಂದೆ ಹೋಗುತ್ತದೆ. ಹಾಗೆ ಡೇಟಾಬೇಸಿಗೆ ಸೇರಿದ ಹೆಸರನ್ನು ವಾಪಸ್ ಪಡೆಯುವ ದಾರಿಯಿಲ್ಲ, ಬೈಟೇ ಹೋಯಿತಲ್ಲ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕೋಡ್ ಇಟ್ಟುಕೊಂಡವರು ಫೈಲ್ ತೆರೆಯುವ ಕಡೆಯಲ್ಲೆಲ್ಲ ವಿಂಡೋಸ್-1252 ಎಂದು ಬಾಯಿಬಿಟ್ಟು ಬರೆಯಿರಿ. ತುರ್ತಿಗೆ ಫೈಲ್ ಎನ್‌ಕೋಡಿಂಗನ್ನು ಕಾಂಪ್ಯಾಟ್ ಎಂದು ಕೊಟ್ಟು ಜಾವಾ ಶುರುಮಾಡಿದರೆ ಹಳೇ ನಡವಳಿಕೆ ಬರುತ್ತದೆ.

ಉಳಿದವು ಸಣ್ಣಪುಟ್ಟವು. ಪ್ರಾಪರ್ಟಿಗಳ ಹೆಸರು ಹಲವು ಬದಲಾಗಿವೆ, ರೆಡಿಸ್‌ನವು ಡೇಟಾ ಕೆಳಗೆ ಹೋಗಿವೆ. ಅದಕ್ಕೆ ಪ್ರಾಪರ್ಟೀಸ್ ಮೈಗ್ರೇಟರ್ ಅನ್ನುವ ಡಿಪೆಂಡೆನ್ಸಿ ಹಾಕಿ ಓಡಿಸಿದರೆ ಯಾವುದು ಎಲ್ಲಿಗೆ ಹೋಯಿತೆಂದು ಲಾಗಿನಲ್ಲಿ ಅಚ್ಚುಕಟ್ಟಾಗಿ ಬರೆಯುತ್ತದೆ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಇಂಥ ಸೌಜನ್ಯ ಬೇರೆ ಫ್ರೇಮ್‌ವರ್ಕಿನಲ್ಲಿ ನಾನು ಕಂಡಿಲ್ಲ. ಎಪಿಐ ಪುಟ ತೋರಿಸಲು ಸ್ಪ್ರಿಂಗ್‌ಫಾಕ್ಸ್ ಇಟ್ಟುಕೊಂಡವರು ಅದನ್ನು ಮರೆತು ಸ್ಪ್ರಿಂಗ್‌ಡಾಕ್ 2ಕ್ಕೆ ಹೋಗಬೇಕು, ಫಾಕ್ಸಿನ ಕೊನೆಯ ಬಿಡುಗಡೆ 2020ರದ್ದು.

3ಕ್ಕೆ ಬಂದು ಉಸಿರು ಬಿಡುವಷ್ಟರಲ್ಲಿ 3.2 ಒಂದು ಪೆಟ್ಟು ಕೊಡುತ್ತದೆ, ಹುಷಾರು. ಪ್ಯಾರಾಮೀಟರ್ ಹೆಸರನ್ನು ಬೈಟ್‌ಕೋಡಿನ ಡಿಬಗ್ ಮಾಹಿತಿಯಿಂದ ಊಹಿಸುವುದನ್ನು ಸ್ಪ್ರಿಂಗ್ 6.1 ಕೈಬಿಟ್ಟಿತು, ಪ್ಯಾರಾಮೀಟರ್ಸ್ ಫ್ಲಾಗ್ ಕೊಟ್ಟು ಕಂಪೈಲ್ ಮಾಡಿರಬೇಕು. ಸ್ಪ್ರಿಂಗ್‌ನವರ ಪೇರೆಂಟ್ ಪಾಮ್ (ಮೇವನ್‌ನ ಮೂಲ ಸೆಟ್ಟಿಂಗ್ ಫೈಲು) ಬಳಸುವವರಿಗೆ ಅದು ತಾನಾಗಿ ಬರುತ್ತದೆ. ನಮ್ಮ ಹಾಗೆ ಕಂಪನಿಯದೇ ಪೇರೆಂಟ್ ಇಟ್ಟುಕೊಂಡವರಿಗೆ ಕಂಪೈಲ್ ಆಗುತ್ತದೆ, ಸರ್ವರ್ ಏಳುತ್ತದೆ, ಗುಂಡಿ ಒತ್ತಿದಾಗ ಆರ್ಗ್ಯುಮೆಂಟಿನ ಹೆಸರು ಗೊತ್ತಾಗಲಿಲ್ಲ ಅಂತ ಬೀಳುತ್ತದೆ. ಚುಕ್ಕೆಯ ನಂತರದ ಅಂಕಿ ಬದಲಾದಾಗ ಇಂಥದ್ದು ನಡೆಯಬಾರದು ಅನ್ನುವುದು ನನ್ನ ಅಭಿಪ್ರಾಯ. ಬಿಡುಗಡೆ ಟಿಪ್ಪಣಿಯಲ್ಲಿ ಬರೆದಿದ್ದಾರೆ, ನಿಜ. ಟಿಪ್ಪಣಿಯಲ್ಲಿ ಬರೆದರೆ ಎಲ್ಲ ಕ್ಷಮೆಯಾಯಿತೇ?

ಇಷ್ಟೆಲ್ಲ ಪಟ್ಟು ಸಿಕ್ಕಿದ್ದೇನು? ಆಡಿಟಿನವರ ಪಟ್ಟಿಯಲ್ಲಿ ಕೆಂಪು ಹೋಯಿತು. ಜಾವಾ 17ರ ರೆಕಾರ್ಡ್, ಹಲವು ಸಾಲಿನ ಸ್ಟ್ರಿಂಗ್ ಬಂದಮೇಲೆ ಕೋಡ್ ಓದಲು ಹಿತವಾಯಿತು. 3.2ರಿಂದ ಜಾವಾ 21ರ ವರ್ಚುವಲ್ ಥ್ರೆಡ್ಡುಗಳನ್ನು (ಒಟ್ಟಿಗೆ ಬಹಳ ಕೆಲಸ ಕಾಯಿಸಿಡಬಲ್ಲ ಹಗುರ ಥ್ರೆಡ್ಡುಗಳು) ಒಂದು ಪ್ರಾಪರ್ಟಿಯಿಂದ ಚಾಲೂ ಮಾಡಬಹುದು. ಡೇ ಎಂಡಿಗೆ ಸದಸ್ಯರಿಗೆಲ್ಲ ಎಸ್ಸೆಮ್ಮೆಸ್ ಕಳಿಸುವ ನಮ್ಮ ಕೆಲಸ ಬಹುಪಾಲು ಎದುರಿನವರ ಉತ್ತರಕ್ಕೆ ಕಾಯುವುದೇ ಆದ್ದರಿಂದ, ಅಲ್ಲಿ ಕಣ್ಣಿಗೆ ಕಾಣುವಷ್ಟು ಚುರುಕು ಬಂದಿದೆ. ಲೆಕ್ಕಾಚಾರದ ಭಾಗಕ್ಕೆ, ಬಡ್ಡಿ ಹಾಕುವುದಕ್ಕೆಲ್ಲ, ಅದರಿಂದ ಏನೂ ಉಪಯೋಗವಿಲ್ಲ, ಆಸೆ ಪಡಬೇಡಿ.

ಈಗ ಹೊರಡುವವರಿಗೆ ನನ್ನ ಕ್ರಮ ಇದು. 2.7ರ ಕೊನೆಯ ಬಿಡುಗಡೆಗೆ ಮೊದಲು ಬಂದು, ಅಲ್ಲಿಯೇ ಜಾವಾ 17 ಹಾಕಿ ಕೆಲವು ಕಾಲ ಓಡಿಸಿ, 2.7ಕ್ಕೆ 17 ಒಗ್ಗುತ್ತದೆ. ಗೀಟು ಎಳೆದ ಮೆಥಡ್‌ಗಳನ್ನೆಲ್ಲ ಅಲ್ಲೇ ತೆಗೆಯಿರಿ. ಆಮೇಲೆ ಓಪನ್‌ರೀರೈಟ್. ಕೈಯಲ್ಲಿರುವ ನಿಜವಾದ ವಿನಂತಿಗಳ ಲಾಗನ್ನು ಹೊಸ ಸರ್ವರಿಗೆ ಇನ್ನೊಮ್ಮೆ ಓಡಿಸಿ ಉತ್ತರದ ಕೋಡುಗಳನ್ನು ಹಳೆಯದರ ಜೊತೆ ತಾಳೆ ನೋಡಿ, ಓರೆಗೀಟಿನಂಥದ್ದು ಯೂನಿಟ್ ಟೆಸ್ಟಿನಲ್ಲಿ ಸಿಗುವುದಿಲ್ಲ, ಇದರಲ್ಲಿ ಸಿಗುತ್ತದೆ. ಮಾರ್ಚ್ ತಿಂಗಳಲ್ಲಂತೂ ಕೈಹಾಕಬೇಡಿ.

ಬೂಟ್ 4 ಕೂಡ 2025ರ ನವೆಂಬರಿನಲ್ಲಿ ಬಂದಾಯಿತು. ಕನಿಷ್ಠ ಜಾವಾ 17ರಲ್ಲೇ ಉಳಿಸಿದ್ದು ಒಳ್ಳೆಯದು. ಆದರೆ ಜೆಸಾನ್ ಓದಿ ಬರೆಯುವ ಲೈಬ್ರರಿಯಲ್ಲಿ ಜಾಕ್ಸನ್ 3ಕ್ಕೆ ಹೋಗಿದ್ದಾರೆ, ಅದರ ಪ್ಯಾಕೇಜ್ ಹೆಸರು ಬದಲು, ಆನೊಟೇಶನ್ನುಗಳದ್ದು ಮಾತ್ರ ಹಳೇ ಹೆಸರೇ. 3.5ರ ಉಚಿತ ಬೆಂಬಲ 2026ರ ಜೂನ್ ತನಕ. ನಮ್ಮ ಗಿರಾಕಿಗಳ ವರ್ಷದ ಲೆಕ್ಕ, ಆಡಿಟ್ ಎರಡೂ ಮುಗಿದ ಮೇಲೆ ಅದರ ಡ್ರೈ ರನ್ ಪ್ಯಾಚ್ ಓದಲು ಕೂರುತ್ತೇನೆ, ಅಂಕ ಆಮೇಲೆ.